ನೀಲಕ್ಕನ ಎಚ್ಚರ

ಅರವತ್ತು ದಾಟಿದವರು ತಮ್ಮ ನಿದ್ದೆಯ ಬಗ್ಗೆ ಹೇಳುವ ಒಂದು ಮಾತನ್ನೂ ನಾನು ನಂಬುವುದಿಲ್ಲ. ನಾನೂ ಆ ಗುಂಪಿಗೆ ಸೇರಿ ಎರಡು ವರ್ಷವಾಗಿರುವುದರಿಂದ ನನ್ನ ಮಾತನ್ನೂ ನಂಬುವುದಿಲ್ಲ. ಹುಟ್ಟಾ ಅನುಮಾನದ ಪ್ರಾಣಿ ಎಂದು ನಮ್ಮವ್ವ ನನ್ನನ್ನು ಬೈಯುತ್ತಿದ್ದಳು. ಹಾಸನದ ನಿದ್ರಾ ಕೇಂದ್ರದಲ್ಲಿ ಆ ಗುಣಕ್ಕೇ ನನಗೆ ಸಂಬಳ ಕೊಡುತ್ತಾರೆ.

ನಮ್ಮ ಕೇಂದ್ರದ ಕೆಲಸ ಹೇಳಲು ಸುಲಭ. ಜಿಲ್ಲೆಯ ಹಿರಿಯರಿಗೆಲ್ಲ ಸರ್ಕಾರ ಒಂದೊಂದು ದಿಂಬು ಹಂಚಿದೆ. ಹೊರಗಿನಿಂದ ನೋಡಿದರೆ ಮಾಮೂಲಿ ಹತ್ತಿಯ ದಿಂಬು. ಒಳಗೆ ಕೂದಲಿಗಿಂತ ಸಣ್ಣ ತಂತಿಗಳ ಬಲೆ. ತಲೆ ಇಟ್ಟವರ ಮಿದುಳಿನ ಯಾವ ಭಾಗ ಮಲಗಿದೆ, ಯಾವ ಭಾಗ ಎದ್ದಿದೆ ಎಂದು ಅದು ಓದಿ ನಮಗೆ ಕಳಿಸುತ್ತದೆ. ನಿದ್ದೆ ಎಂದರೆ ಸ್ವಿಚ್ಚು ಆರಿಸಿದ ಹಾಗೆ ಎಂದು ಜನ ತಿಳಿದಿದ್ದಾರೆ. ಅದು ಹಾಗಲ್ಲ. ಊರಿನಲ್ಲಿ ವಾರ್ಡು ವಾರ್ಡಾಗಿ ಕರೆಂಟು ತೆಗೆಯುತ್ತಾರಲ್ಲ, ಮಿದುಳು ಮಲಗುವುದೂ ಹಾಗೆಯೇ. ವಯಸ್ಸಾದ ಮೇಲಂತೂ ಊರೆಲ್ಲ ಕತ್ತಲಾದರೂ ಯಾವುದೋ ಒಂದೆರಡು ವಾರ್ಡಿನಲ್ಲಿ ದೀಪ ಉಳಿದುಬಿಡುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ದಿಂಬು, "ನಿದ್ದೆ ಹೇಗಾಯ್ತು?" ಎಂದು ಕೇಳುತ್ತದೆ. ಅವರು ಹೇಳಿದ್ದಕ್ಕೂ ದಿಂಬು ಕಂಡದ್ದಕ್ಕೂ ಇರುವ ಅಂತರವನ್ನು ಅಳೆಯುವುದು ನನ್ನ ಉದ್ಯೋಗ. ರಾತ್ರಿಯಿಡೀ ಹೊರಳಾಡಿದವರು ಕೆಲವರು "ಸೊಗಸಾದ ನಿದ್ದೆ" ಎನ್ನುತ್ತಾರೆ. ಗೊರಕೆಯಿಂದ ಸೂರು ಹಾರಿಸಿದವರು ಹಲವರು "ರೆಪ್ಪೆಗೆ ರೆಪ್ಪೆ ಹತ್ತಲಿಲ್ಲ" ಎನ್ನುತ್ತಾರೆ. ಸುಳ್ಳು ಹೇಳುತ್ತಾರೆಂದಲ್ಲ, ಅವರಿಗೆ ಹಾಗೇ ಅನ್ನಿಸಿರುತ್ತದೆ. ಈ ಜಿಲ್ಲೆಯಲ್ಲೇ ಅತಿ ದೊಡ್ಡ ಅಂತರ ಯಾರದು ಎಂದರೆ ನನ್ನ ಸ್ವಂತ ಅಕ್ಕ ನೀಲಾಂಬಿಕೆಯದು.

ನೀಲಕ್ಕ ಇರುವುದು ಅರಸೀಕೆರೆಯಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ಪ್ರಾಯದಲ್ಲಿ ಅವಳು ಟೆಲಿಫೋನ್ ಆಪರೇಟರ್. ಆಗಿನ್ನೂ ಬೇರೆ ಊರಿಗೆ ಮಾತಾಡಬೇಕಾದರೆ ಎಕ್ಸ್‌ಚೇಂಜಿಗೆ ಹೇಳಿ ಟ್ರಂಕ್ ಕಾಲ್ ಹಾಕಿಸಬೇಕಿದ್ದ ಕಾಲ. ಎದುರಿಗೆ ಬೀರುವಿನಷ್ಟು ದೊಡ್ಡ ಹಲಗೆ, ಅದರ ತುಂಬ ತೂತು. ಕೇಳಿದವರಿಗೆ ಕೇಳಿದ ಊರು ಕೊಡಲು ಇವಳು ಒಂದು ತೂತಿನಿಂದ ಇನ್ನೊಂದಕ್ಕೆ ತಂತಿ ಸಿಕ್ಕಿಸಬೇಕು. ರಾತ್ರಿ ಪಾಳಿ ಇವಳಿಗೇ ಜಾಸ್ತಿ ಬೀಳುತ್ತಿತ್ತು. "ಎಷ್ಟೋ ದಿನ ನನಗೆ ಗೊತ್ತೇ ಇಲ್ದಂಗೆ ನನ್ನ ಕೈಯೇ ಲೈನ್ ಕೊಟ್ಬಿಟ್ಟಿರೋದು ಕಣೇ. ಬೆಳಿಗ್ಗೆ ಕಾಲ್ ಬರೆದಿಡೋ ಟಿಕೆಟ್ ನೋಡಿದ್ರೆ ನನ್ನದೇ ಅಕ್ಷರ!" ಎಂದು ಹೇಳಿ ನಗಿಸುತ್ತಿದ್ದಳು. ನಮ್ಮ ಮನೆಯಲ್ಲಿ ಅದು ಹಳೆಯ ತಮಾಷೆ.

ಅವಳ ಗಂಡ ಗುರುಶಾಂತಪ್ಪ ಭಾವ ಅದೇ ಇಲಾಖೆಯಲ್ಲಿ ಲೈನ್‌ಮನ್. ಕಂಬ ಹತ್ತಿ, ತಂತಿ ಸರಿಮಾಡಿ, ಅಲ್ಲಿಂದಲೇ ಎಕ್ಸ್‌ಚೇಂಜಿಗೆ ಮಾತಾಡಿ ಲೈನು ಪರೀಕ್ಷೆ ಮಾಡುತ್ತಿದ್ದರು. ಹಾಗೆ ಪರೀಕ್ಷೆ ಮಾಡಿ ಮಾಡಿಯೇ ಮದುವೆಯಾದದ್ದು. ಮಕ್ಕಳಾಗಲಿಲ್ಲ. ಈಗ ಭಾವನಿಗೆ ಎಪ್ಪತ್ತೆಂಟು, ಮರೆವಿನ ಕಾಯಿಲೆ. ನನ್ನನ್ನು ಒಮ್ಮೆ ಗಂಗೂ ಎನ್ನುತ್ತಾರೆ, ಒಮ್ಮೆ ಸೂಪರ್‌ವೈಸರ್ ಎಂದು ಎದ್ದು ನಿಲ್ಲುತ್ತಾರೆ.

ಮರೆವಿನವರು ರಾತ್ರಿ ಎದ್ದು ಅಲೆಯುವ ಸ್ವಭಾವದವರಾದರೆ ಅವರನ್ನು ಮನೆಯಲ್ಲಿ ಇಟ್ಟುಕೊಳ್ಳಲು ಈಗ ಒಂದು ಕಟ್ಟಳೆ ಇದೆ. ರಾತ್ರಿ ಕಾಯುವವರು ಒಬ್ಬರು ಇರಬೇಕು, ಇಲ್ಲವಾದರೆ ಹಾಸನದ ಆಸರೆ ಮನೆಗೆ ಸೇರಿಸಬೇಕು. ಕಾಯಲು ಆಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ನಮ್ಮ ಕೇಂದ್ರ, ಎಂದರೆ ಅಲ್ಲಿನ ಡಾಕ್ಟರಾದ ನಾನು.

"ನಾನಿರೋವಾಗ ಅವರನ್ನ ಕಾಯೋದಕ್ಕೆ ಇನ್ಯಾರು ಬೇಕು?" ಎನ್ನುತ್ತಿದ್ದಳು ಅಕ್ಕ. "ಮೂರು ವರ್ಷ ಆಯ್ತು ನಾನು ಮಲಗಿ. ಸ್ಟೇಷನ್ನಿಗೆ ಬರೋ ಒಂದೊಂದು ಗಾಡೀನೂ ಹೇಳ್ತೀನಿ, ಕೇಳು. ಅವರನ್ನ ಎಲ್ಲಿಗೂ ಕಳಿಸೋದು ಬೇಡ."

ದಿಂಬು ಬೇರೆಯೇ ಹೇಳುತ್ತಿತ್ತು. ಅಕ್ಕ ದಿನಾ ಆರು ಗಂಟೆಗಿಂತ ಕಡಿಮೆಯಿಲ್ಲದೆ ಮಲಗುತ್ತಿದ್ದಳು. ಆದರೂ ಭಾವ ಎಲ್ಲಿಗೂ ಹೋಗುತ್ತಿರಲಿಲ್ಲವಾದ್ದರಿಂದ, ಅಕ್ಕ ಅಲ್ಲವೇ ಎಂದು ಸುಮ್ಮನಿದ್ದೆ.

ಒಂದು ಬೆಳಿಗ್ಗೆ ಭಾವ ಕೊಬ್ಬರಿ ಮಂಡಿಯ ಹತ್ತಿರ ಸಿಕ್ಕಿದರು. ದೀಪದ ಕಂಬದ ಕೆಳಗೆ ಕತ್ತೆತ್ತಿ ನಿಂತಿದ್ದರಂತೆ. ಮೈಮೇಲೆ ಬನಿಯನ್ನು, ಪಂಚೆ. ಸೊಂಟಕ್ಕೆ ಒಂದು ಟವೆಲನ್ನು ಹಗ್ಗದ ಹಾಗೆ ಹುರಿ ಮಾಡಿ ಬಿಗಿಯಾಗಿ ಕಟ್ಟಿತ್ತು. ಭಾನುವಾರ ನಾನು ಅರಸೀಕೆರೆಗೆ ಹೋದೆ.

ಮುಂಬಾಗಿಲು ನೋಡಿದೆ. ಚಿಲಕ ಇರುವುದು ಬಾಗಿಲಿನ ತುದಿಯಲ್ಲಿ. ಭಾವನ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ, ಹಿಂದೆ ಗಂಡಸಿ ಊರಿನ ರಸ್ತೆಯಲ್ಲಿ ಕಂಬದಿಂದ ಬಿದ್ದು ಮುರಿದು ಕೂಡಿದ್ದ ಮೂಳೆ ವಯಸ್ಸಾದ ಮೇಲೆ ಬಿಗಿದುಕೊಂಡಿದೆ. ಎಡಗೈ ನಡುಗುತ್ತದೆ. ಒಂದು ಬಿಸ್ಕತ್ತು ತೋರಿಸಿ ಮೇಲೆ ಹಿಡಿದು ನೋಡಿದೆ. ಕೈ ಎಟುಕದೆ ಪಾಪ ಕಣ್ಣಲ್ಲಿ ನೀರು ತಂದುಕೊಂಡರು. ನನಗೆ ನಾಚಿಕೆಯಾಯಿತು, ಆದರೆ ಅನುಮಾನವಂತೂ ತೀರಿತು. ಬಾಗಿಲು ತೆಗೆದವರು ಭಾವ ಅಲ್ಲ.

"ನಾನು ಹೇಳ್ಲಾ ಯಾರು ಅಂತ?" ಎಂದಳು ಅಕ್ಕ, ದನಿ ತಗ್ಗಿಸಿ, ಮಾಳಿಗೆಯ ಕಡೆ ಕಣ್ಣು ಹಾಯಿಸಿ. "ಆ ಮಹಾಂತೇಶ."

ಮಹಾಂತೇಶ ಮಾಳಿಗೆಯ ಬಾಡಿಗೆಯವನು. ಗದಗದ ಕಡೆಯವನು, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಲವತ್ತರ ಆಸುಪಾಸು, ಹೆಂಡತಿ ಮಕ್ಕಳು ಊರಲ್ಲಿ. ಮೆಟ್ಟಿಲು ಮನೆಯೊಳಗಿಂದಲೇ ಇರುವುದರಿಂದ ಅವನೂ ಇದೇ ಮುಂಬಾಗಿಲಿನಲ್ಲಿ ಓಡಾಡಬೇಕು.

"ರಾತ್ರಿ ಹೆಜ್ಜೆ ಸಪ್ಪಳ ಕೇಳಿದೆ. ಚಿಲಕ ತೆಗೆದಿದ್ದು ಕೇಳಿದೆ. ಬಾಗ್ಲು ಕಿರ್ ಅಂದಿದ್ದೂ ಕೇಳಿದೆ," ಎಂದಳು.

"ಅಷ್ಟೆಲ್ಲ ಕೇಳಿದೋಳು ಎದ್ದು ಯಾಕೆ ನೋಡ್ಲಿಲ್ಲ?"

ಅಕ್ಕ ತಡವರಿಸಿದಳು. "ಅದೇ ನನಗೂ ತಿಳೀದು. ಕಾಲು ಏಳಲಿಲ್ಲ."

ಆ ಉತ್ತರ ನನಗೆ ಹಿಡಿಸಲಿಲ್ಲ. ಇಲ್ಲದ ಸಪ್ಪಳ ಹುಟ್ಟಿಸಿ ಬಾಡಿಗೆಯವನ ಮೇಲೆ ಹಾಕುತ್ತಿದ್ದಾಳೆಯೇ? ತಾನು ಮಲಗಿದ್ದೆ ಎಂದು ಒಪ್ಪಿದರೆ ಗಂಡನನ್ನು ಕಳಿಸಬೇಕಾಗುತ್ತದೆ ಎಂಬ ಭಯವಿರಬಹುದು. ಆದರೂ ಮಹಾಂತೇಶನನ್ನು ಕೆಳಗೆ ಕರೆದೆ. ಅವನು ಕೈ ಒರೆಸಿಕೊಳ್ಳುತ್ತ ಬಂದ.

"ಅಮ್ಮಾರ, ನಾ ಯಾಕ್ರೀ ಬಾಗ್ಲಾ ತಗೀಲಿ? ದಿನಾ ಡಿಪೋದಾಗ ಗುದ್ದಾಡಿ ಬಂದು ಬೀಳ್ತೀನಿ. ನನ್ನ ಎಬ್ಬಸಾಕ ನಾಕ್ ಮಂದಿ ಬೇಕು," ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಮುಖ ನೋಡದವರ ಮೇಲೆ ನನಗೆ ಯಾವಾಗಲೂ ಒಂದು ಗುಮಾನಿ. ಚಿಲಕಕ್ಕೆ ಬೀಗ ಹಾಕಿಸಿ, ಕೀಲಿಯನ್ನು ಅಕ್ಕನ ದಿಂಬಿನ ಕೆಳಗಿಟ್ಟು ಹಾಸನಕ್ಕೆ ಬಂದೆ.

ಕೇಂದ್ರದ ದೊಡ್ಡ ಕೋಣೆಯಲ್ಲಿ ಒಂದು ಗೋಡೆಯೇ ಪರದೆ. ಜಿಲ್ಲೆಯ ದಿಂಬುಗಳೆಲ್ಲ ಅಲ್ಲಿ ಚುಕ್ಕಿಗಳು. ಅವನ್ನು ನೋಡಿಕೊಳ್ಳುವ ಎಂಜಿನಿಯರ್ ಜೆಸಿಂತಾ, ಹದಿನೈದು ವರ್ಷದಿಂದ ನನ್ನ ಅನುಮಾನಗಳನ್ನು ಸಹಿಸಿಕೊಂಡು ಬಂದಿರುವ ಹೆಂಗಸು. ಅಕ್ಕನ ಚುಕ್ಕಿಯನ್ನು ಬಿಡಿಸಿ ತೋರಿಸು ಎಂದೆ.

ಪರದೆಯ ಮೇಲೆ ಅಕ್ಕನ ಮಿದುಳು ಬಂತು. ಊರೆಲ್ಲ ಕತ್ತಲು. ಎರಡೇ ಎರಡು ಕಡೆ ದೀಪ.

"ಇದು ಕಿವಿಯ ವಾರ್ಡು ಮೇಡಂ," ಎಂದಳು ಜೆಸಿಂತಾ. "ರಾತ್ರಿಯಿಡೀ ಆರೋದೇ ಇಲ್ಲ. ನಿಮ್ಮಕ್ಕ ಗಾಡಿ ಲೆಕ್ಕ ಹೇಳೋದು ಸುಳ್ಳಲ್ಲ, ಕೇಳಿಸಿರುತ್ತೆ. ಉಳಿದದ್ದೆಲ್ಲ ಗಾಢ ನಿದ್ದೆ."

"ಈ ಇನ್ನೊಂದು?"

"ಬಲಗೈಯದು. ಅದು ಮಧ್ಯೆ ಮಧ್ಯೆ ಹತ್ತಿ ಆರುತ್ತೆ."

"ಕೈ ಜೋಮು ಹಿಡಿದಿರಬೇಕು. ಈ ಖಾಲಿ ಜಾಗ ಏನು?"

"ತಲೆ ದಿಂಬಿನಿಂದ ಎದ್ದಾಗ ಖಾಲಿ ಬರುತ್ತಲ್ಲ ಮೇಡಂ, ಬಚ್ಚಲಿಗೆ ಹೋಗಿರ್ತಾರೆ. ಈ ವಯಸ್ಸಲ್ಲಿ ಎಲ್ಲರಿಗೂ ಇದ್ದಿದ್ದೇ."

ಹೌದು, ಎಲ್ಲರಿಗೂ ಇದ್ದದ್ದೇ. ಅಂಥ ಖಾಲಿಗಳನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಎಲ್ಲವನ್ನೂ ಅನುಮಾನಿಸುವ ನಾನು ಆ ಖಾಲಿಯನ್ನು ಮಾತ್ರ ಅನುಮಾನಿಸಲಿಲ್ಲ.

ಮುಂದಿನ ವಾರವೇ ಭಾವ ರೈಲು ಹಳಿಯ ಪಕ್ಕದಲ್ಲಿ ಸಿಕ್ಕಿದರು. ಸಿಕ್ಕಿದ್ದು ಮಹಾಂತೇಶನಿಗೆ. ಮೊದಲ ಪಾಳಿಗೆ ಹೊರಟವನು ಬಾಗಿಲು ತೆರೆದಿರುವುದನ್ನು ಕಂಡು, ಗಾಬರಿಯಾಗಿ ಹುಡುಕಿಕೊಂಡು ಓಡಿ, ಹಳಿಯ ಮೇಲೆ ಕಾಲಿಟ್ಟಿದ್ದವರನ್ನು ಕೈ ಹಿಡಿದು ಎಳೆದು ತಂದಿದ್ದ. ಆವತ್ತೂ ಸೊಂಟದಲ್ಲಿ ಅದೇ ಹುರಿ ಮಾಡಿದ ಟವೆಲು. ಬೀಗ ಚಿಲಕದಲ್ಲೇ ತೆರೆದು ನೇತಾಡುತ್ತಿತ್ತು, ಕೀಲಿ ಅದರಲ್ಲೇ ಇತ್ತು.

ನಾನು ಹೋಗಿ ಮುಟ್ಟುವ ಹೊತ್ತಿಗೆ ಜಗಳ ಬೀದಿಗೆ ಬಂದಿತ್ತು.

"ಬಾಗ್ಲು ತೆಗೆದೋರೂ ನೀವೇ, ಹುಡುಕಿದೋರೂ ನೀವೇ!" ಎಂದು ಅಕ್ಕ ಕೂಗುತ್ತಿದ್ದಳು. "ಸೊಂಟಕ್ಕೆ ಟವೆಲು ಕಟ್ಟಿ ಎತ್ತಿನ ಥರ ಎಳ್ಕೊಂಡು ಹೋಗಿದೀರ. ನನ್ನ ತಲೆದೆಸೆಯಿಂದ ಕೀಲಿ ತಗೊಂಡಿದೀರ. ನಾನು ಎಚ್ಚರವಾಗಿದ್ದೆ, ಬೀಗ ತೆಗೆಯೋದು ಈ ಕಿವೀಲಿ ಕೇಳಿದೀನಿ!"

"ಎಚ್ಚರ ಇದ್ರಿ ಅಂದ್ರ ನಾ ಕೀಲಿ ತಗೋಳ್ಳೋವಾಗ ಯಾಕ್ ಸುಮ್ಕಿದ್ರಿ ಅಮ್ಮಾರ?" ಎಂದ ಮಹಾಂತೇಶ. ಮುಖ ಕಪ್ಪಿಟ್ಟಿತ್ತು. "ಅಜ್ಜಾರನ್ನ ಗಾಡಿ ಬಾಯಿಂದ ತಪ್ಪಿಸಿ ತಂದೀನಿ. ಅದಕ್ಕ ಇದು ಬಹುಮಾನೇನ್ರೀ?"

"ತಿಂಗಳ ಕೊನೆಗೆ ಮನೆ ಖಾಲಿ ಮಾಡಿ."

"ಮಾಡ್ತೀನ್ರೀ. ಸೋಮವಾರ ನಮ್ಮ ತಮ್ಮನ ಮದವಿಗೆ ಊರಿಗೆ ಹೊಂಟೀನಿ. ನಾ ಇಲ್ದಾಗ ಚಿಲಕಾ ಯಾರ್ ತಗೀತಾರ, ಅದನ್ನ ನೋಡ್ರಿ ಮೊದಲ."

ಬೀದಿಯವರೆಲ್ಲ ಅಕ್ಕನ ಪರ. ಹೊರಗಿನವನು, ಒಂಟಿ, ವೇಳೆಯಿಲ್ಲದ ವೇಳೆಯಲ್ಲಿ ಓಡಾಡುವವನು ಎಂದ ಮೇಲೆ ಹೇಳುವುದೇನಿದೆ! ಪೊಲೀಸರಿಗೆ ಹೇಳೋಣ ಎಂದವರೂ ಇದ್ದರು. ನಾನು ತಡೆದೆ, ಆದರೆ ಅವನ ಮೇಲಿನ ಪ್ರೀತಿಯಿಂದಲ್ಲ. ಅಕ್ಕನ ಮಾತಿನಲ್ಲಿ ಏನೋ ಕೂಡಿ ಬರುತ್ತಿರಲಿಲ್ಲ.

ಒಳಗೆ ಕರೆದು ಹೇಳಿದೆ. "ಅಕ್ಕ, ದಿಂಬಿಗೆ ರಾತ್ರಿಯ ಸದ್ದು ಹಿಡಿದಿಡೋ ಶಕ್ತಿ ಇದೆ. ಕೋಣೆಯಲ್ಲಿ ಮಲಗೋರು ಒಪ್ಪಿದ್ರೆ ಮಾತ್ರ ಅದನ್ನ ಶುರು ಮಾಡ್ತೀವಿ. ಒಪ್ಪಿಬಿಡು, ಕಳ್ಳ ಸಿಕ್ತಾನೆ."

"ಕೂಡದು," ಎಂದಳು ಥಟ್ಟನೆ. "ಗಂಡ ಹೆಂಡ್ತಿ ಮಲಗೋ ಕೋಣೆ ಅದು. ಇಪ್ಪತ್ತು ವರ್ಷ ಬೋರ್ಡಿನ ಮುಂದೆ ಕೂತಿದ್ದೆ. ಯಾರ ಮಾತಿಗೂ ಕಿವಿ ಕೊಡಲಿಲ್ಲ. ಲೈನ್ ಕೊಟ್ಟ ಕೂಡ್ಲೇ ನಾನು ಈಚೆಗೆ ಬಂದ್ಬಿಡ್ತಿದ್ದೆ. ಈಗ ನನ್ನ ಮನೇಲೇ ಕದ್ದು ಕೇಳೋದಾ?"

"ಹಾಗಾದ್ರೆ ಭಾವನ್ನ ಆಸರೆ ಮನೆಗೆ ಕರ್ಕೊಂಡು ಹೋಗ್ತೀನಿ. ಇವತ್ತು ಹಳಿ ಹತ್ರ ಜೀವ ಉಳಿದಿದ್ದೇ ಹೆಚ್ಚು."

ಅಕ್ಕ ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ. "ಅದಕ್ಕೇ ತಾನೇ ನೀನು ಕಾಯ್ತಿರೋದು? ಬಾಗ್ಲು ತೆಗೆಸ್ತಿರೋದು ನೀನೇ ಇರಬೇಕು," ಎಂದಳು. ನನಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಹೊಸ ಅನುಮಾನವೂ ಬಂತು. ಒಪ್ಪದಿರುವುದಕ್ಕೆ ಅವಳಲ್ಲಿ ಬೇರೆ ಕಾರಣ ಇದೆಯೇ? ಗಂಡನ ಸೇವೆ ಮಾಡಿ ಮಾಡಿ ಸೋತವರು ಏನೇನು ಮಾಡಿದ್ದಾರೆಂದು ನನ್ನ ಕೆಲಸದಲ್ಲಿ ಕಂಡಿದ್ದೇನೆ. ಅಂಥ ಯೋಚನೆ ಒಡಹುಟ್ಟಿದವಳ ಬಗ್ಗೆ ಬಂತಲ್ಲ ಎಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ನನ್ನನ್ನೇ ಬೈದುಕೊಂಡೆ.

ಸೋಮವಾರ ಮಹಾಂತೇಶ ಊರಿಗೆ ಹೋದ. ಮನೆಯಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ. ಬುಧವಾರ ಬೆಳಿಗ್ಗೆ ಅಕ್ಕನ ಫೋನು ಬಂತು. ದನಿ ಸತ್ತುಹೋಗಿತ್ತು.

"ಗಂಗೂ, ಬಾಗ್ಲು ತೆಗೆದಿತ್ತು. ನಿಮ್ಮ ಭಾವ ಮನೆ ಮುಂದಿನ ಕಂಬ ತಬ್ಕೊಂಡು ನಿಂತಿದ್ರು," ಎಂದಳು. "ಆ ಸದ್ದು ಹಿಡಿಯೋದು ಶುರು ಮಾಡು. ಆದ್ರೆ ಮೊದಲು ಕೇಳೋಳು ನಾನೇ ಆಗಿರಬೇಕು."

ಮಾತು ಕೊಟ್ಟೆ. ಮಾತಿಗೆ ತಪ್ಪಿದೆ. ಎರಡು ರಾತ್ರಿಯ ಸದ್ದನ್ನು ಮೊದಲು ಕೇಳಿದ್ದು ನಾನು ಮತ್ತು ಜೆಸಿಂತಾ, ಕೋಣೆಯ ಬಾಗಿಲು ಹಾಕಿಕೊಂಡು. ಮೊದಲ ರಾತ್ರಿ ಬರೀ ಉಸಿರು, ಗಾಡಿ, ನಾಯಿ. ಎರಡನೆಯ ರಾತ್ರಿ ಭಾವ ಮತ್ತೆ ಮನೆ ಮುಂದಿನ ಕಂಬದವರೆಗೆ ಹೋಗಿದ್ದರು. ಆ ರಾತ್ರಿಯದು ಕೇಳಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತುಬಿಟ್ಟೆವು. ಮಾರನೆಯ ದಿನ ಅಕ್ಕನನ್ನು ಕೇಂದ್ರಕ್ಕೆ ಕರೆಸಿದೆ. ಅವಳು ಭಾವನನ್ನೂ ಕರೆದುಕೊಂಡೇ ಬಂದಳು, ಅವರು ಹೊರಗಿನ ಬೆಂಚಿನಲ್ಲಿ ಬಾಳೆಹಣ್ಣು ತಿನ್ನುತ್ತ ಕೂತರು.

ಜೆಸಿಂತಾ ಸದ್ದು ಹಾಕಿದಳು.

ಮೊದಲು ಭಾವನ ದನಿ. ಹಗಲು ಹೊತ್ತು ತೊದಲುವ ಮನುಷ್ಯನ ದನಿಯಲ್ಲಿ ಒಂದಿಷ್ಟೂ ತೊದಲಿಲ್ಲ. "ಎಕ್ಸ್‌ಚೇಂಜಾ? ಗುರುಶಾಂತಪ್ಪ ಮಾತಾಡ್ತಿರೋದು. ಗಂಡಸಿ ಕಡೆ ಲೈನು ಡೆಡ್ ಆಗಿದೆ ಮೇಡಂ. ಲೈನ್ ಕೊಡಿ, ಹೋಗ್ಬೇಕು."

ಆಮೇಲೆ ಅಕ್ಕನ ದನಿ. ಎಳೆಯ, ಚುರುಕಾದ ದನಿ. "ಬೆಲ್ಟು ಕಟ್ಕೊಂಡಿದೀರಾ?"

"ಕಟ್ಕೊಂಡಿದೀನಿ ಮೇಡಂ."

"ಒಂದ್ನಿಮಿಷ. ಲೈನಲ್ಲೇ ಇರಿ."

ಮಂಚ ಕಿರುಗುಟ್ಟಿತು. ಹೆಜ್ಜೆಗಳು. ಬೀಗ ತೆಗೆದ ಸದ್ದು, ಚಿಲಕ ಸರಿದ ಸದ್ದು, ಬಾಗಿಲಿನ ಕಿರ್. ದೂರದಿಂದ ಅಕ್ಕ, "ಲೈನ್ ಕೊಟ್ಟಿದೀನಿ. ಹುಷಾರು," ಎಂದಳು. ಹೆಜ್ಜೆಗಳು ಮಂಚಕ್ಕೆ ವಾಪಸು ಬಂದವು. ಮಂಚ ಮತ್ತೆ ಕಿರುಗುಟ್ಟಿತು. ಆಮೇಲೆ ಒಂದೇ ಸಮನೆ ನಿದ್ದೆಯ ಉಸಿರು.

ನಾವು ಬಚ್ಚಲಿಗೆ ಹೋಗಿದ್ದಾಳೆಂದು ಬಿಟ್ಟಿದ್ದ ಖಾಲಿ ಜಾಗ ಅದೇ. ಅದರ ಹಿಂದೆಯೂ ಮುಂದೆಯೂ ಮಿದುಳೆಲ್ಲ ಕತ್ತಲು. ಕಿವಿ ಮತ್ತು ಬಲಗೈಯ ವಾರ್ಡಿನಲ್ಲಿ ಮಾತ್ರ ದೀಪ. ತೂತಿಗೆ ತಂತಿ ಸಿಕ್ಕಿಸುತ್ತಿದ್ದ ಕೈ ಈಗ ಬೀಗಕ್ಕೆ ಕೀಲಿ ಸಿಕ್ಕಿಸುತ್ತಿತ್ತು. ನಲವತ್ತು ವರ್ಷದ ಹಿಂದಿನ ರಾತ್ರಿ ಪಾಳಿ ಇನ್ನೂ ಮುಗಿದಿರಲಿಲ್ಲ.

"ಇದು ನಾನಲ್ಲ," ಎಂದಳು ಅಕ್ಕ. ಬಿಗಿಯಾಗಿ ಕೂತಿದ್ದಳು. "ಈಗಿನ ಯಂತ್ರಗಳು ಯಾರ ದನಿ ಬೇಕಾದ್ರೂ ಮಾಡ್ತವೆ. ಹೋದ ವರ್ಷ ನನ್ನ ದನಿಯಲ್ಲಿ ಯಾರೋ ನಿನಗೇ ಫೋನ್ ಮಾಡಿ ಟೋಪಿ ಹಾಕಿರ್ಲಿಲ್ವಾ? ಅವರನ್ನ ನಿಮ್ಮ ಆಸರೆಗೆ ಸೇರಿಸೋದಕ್ಕೆ ಇದನ್ನೂ ಮಾಡಿದೀರ."

ಜೆಸಿಂತಾ ಮತ್ತೊಮ್ಮೆ ಹಾಕಿದಳು. "ಬೆಲ್ಟು ಕಟ್ಕೊಂಡಿದೀರಾ?" ಎಂಬಲ್ಲಿಗೆ ಬಂದಾಗ ಅಕ್ಕನ ಕೈ ಮೇಲೆದ್ದಿತು.

"ನಿಲ್ಲಿಸಮ್ಮ," ಎಂದಳು.

ಸೆರಗಿನ ತುದಿಯನ್ನು ಸುತ್ತುತ್ತ ಹೇಳಿದಳು. ಭಾವ ಕಂಬದಿಂದ ಬಿದ್ದ ದಿನ ಸೊಂಟಕ್ಕೆ ಬೆಲ್ಟು ಕಟ್ಟಿರಲಿಲ್ಲ. ಕೈ ಗುಣವಾಗಿ ಮತ್ತೆ ಕೆಲಸಕ್ಕೆ ಬಂದ ಮೇಲೆ ಅವರು ಲೈನು ಕೇಳಿದಾಗಲೆಲ್ಲ ಇವಳು, ಬೆಲ್ಟು ಕಟ್ಟಿದ್ದೇನೆ ಎಂದು ಹೇಳಿಸಿಕೊಳ್ಳದೆ ಲೈನು ಕೊಡುತ್ತಿರಲಿಲ್ಲ. ಸೂಪರ್‌ವೈಸರ್ ಹಿಂದೆಯೇ ನಿಂತಿರುತ್ತಿದ್ದರಿಂದ ಬೇರೆ ಮಾತಾಡುವ ಹಾಗಿರಲಿಲ್ಲ. ಊಟ ಆಯಿತೇ ಎಂಬುದನ್ನೂ, ಜ್ವರ ಬಿಟ್ಟಿತೇ ಎಂಬುದನ್ನೂ, ಕೊನೆಗೆ ಮದುವೆಗೆ ಒಪ್ಪಿಗೆಯೇ ಎಂಬುದನ್ನೂ ಅವರು ಆ ಒಂದು ಮಾತಿನಲ್ಲೇ ಕೇಳಿ ಹೇಳಿ ಮುಗಿಸಿದ್ದರು.

"ಇದು ನಮ್ಮಿಬ್ಬರಿಗೆ ಬಿಟ್ರೆ ಇನ್ನೊಬ್ಬರಿಗೆ ಗೊತ್ತಿಲ್ಲ. ನಿನಗೂ ಹೇಳಿರ್ಲಿಲ್ಲ. ಇದನ್ನ ಯಂತ್ರ ಹೇಗೆ ಕಲಿಯುತ್ತೆ?" ಎಂದಳು. "ಟವೆಲು ಕಟ್ತಿದ್ದಿದ್ದು ಅವರೇ. ಬೆಲ್ಟು ಅಂತ. ಪಾಪ, ನಾನು ಕೇಳ್ತೀನಿ ಅಂತ ಮೊದಲೇ ಕಟ್ಕೊಂಡು ಬಂದು ನಿಲ್ತಿದ್ರು. ಅವರನ್ನ ಹಳಿ ಹತ್ರ ಕಳಿಸಿದ್ದು ನಾನೇ ಕಣೇ ಗಂಗೂ. ಹುಷಾರು ಅಂತ ಹೇಳಿ ಕಳಿಸಿದೀನಿ."

ನಾನು ಅವಳನ್ನು ತಬ್ಬಿಕೊಂಡೆ. ಹೊಟ್ಟೆಯೊಳಗಿನಿಂದ ಅತ್ತಳು. ನನಗೂ ಅಳು ಬಂತು. ಅವಳ ಮೇಲೆ ಏನೇನು ಊಹಿಸಿದ್ದೆ ಎಂಬುದು ನೆನಪಾಗಿ ಇನ್ನೂ ಜಾಸ್ತಿ ಬಂತು.

ಕಣ್ಣೊರೆಸಿಕೊಂಡವಳೇ, "ಕರ್ಕೊಂಡು ಹೋಗು ಅವರನ್ನ. ನನ್ನ ನಂಬೋ ಹಾಗಿಲ್ಲ," ಎಂದಳು.

ಹೋದ ವಾರ ನಾನು ಕೇಳಿದ್ದು ಅದನ್ನೇ. ಈಗ ಅವಳೇ ಕೊಟ್ಟಾಗ ತೆಗೆದುಕೊಳ್ಳಲು ಕೈ ಬರಲಿಲ್ಲ. ಆಸರೆ ಮನೆಯಲ್ಲಿ ಮಂಚವಿದೆ, ನರ್ಸು ಇದ್ದಾರೆ. ಆದರೆ ಎಕ್ಸ್‌ಚೇಂಜಾ ಎಂದು ಕೇಳಿದರೆ ಉತ್ತರ ಕೊಡುವವರು ಯಾರಿದ್ದಾರೆ?

"ಮೇಡಂ, ಆ ಕಿವಿ ಹೇಗೂ ಎದ್ದೇ ಇರುತ್ತೆ," ಎಂದಳು ಜೆಸಿಂತಾ. "ಲೈನ್ ಕೊಡಬೇಡ ಅಂತ ಅದಕ್ಕೇ ಕಲಿಸಿದ್ರೆ?"

"ಮಲಗಿರೋಳಿಗೆ ಪಾಠ ಹೇಳ್ತೀಯಾ?" ಎಂದಳು ಅಕ್ಕ ಅನುಮಾನದಿಂದ. ಆದರೆ ಮೂಗು ಸೀಟಿ ನೇರ ಕೂತಳು. "ಲೈನ್‌ಮನ್‌ಗೆ ಲೈನ್ ಇಲ್ಲ ಅಂದ್ರೆ ಇನ್ನೊಂದು ದಾರಿ ಹುಡುಕ್ತಾರೆ. ಎಂಗೇಜ್ ಇದೆ, ನಾನೇ ಕರೀತೀನಿ ಅಂದ್ರೆ ಮಾತ್ರ ಜಾಗ ಬಿಡಲ್ಲ. ಅದು ರೂಲು. ನಿಮ್ಮ ಭಾವ ಜನ್ಮದಲ್ಲಿ ರೂಲು ಮುರಿದೋರಲ್ಲ."

ಜೆಸಿಂತಾ ಅಕ್ಕನ ಬಾಯಿಂದಲೇ ಆ ಉತ್ತರ ಹೇಳಿಸಿ ಹಿಡಿದಿಟ್ಟಳು. ರಾತ್ರಿ ಉಳಿದ ವಾರ್ಡುಗಳೆಲ್ಲ ಆರಿ ಕಿವಿಯದು ಮಾತ್ರ ಉಳಿದಾಗ ಅಕ್ಕನ ದಿಂಬು ಅವಳಿಗಷ್ಟೇ ಕೇಳುವ ಹಾಗೆ ಪಿಸುಗುಟ್ಟಬೇಕು. ಮೊದಲು ಭಾವನ ಪ್ರಶ್ನೆ, ಹಿಂದೆಯೇ ಅಕ್ಕನ ಹೊಸ ಉತ್ತರ. ಹಗಲು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಲೂ ಅಕ್ಕ ಮಗ್ಗಿ ಹೇಳಿದ ಹಾಗೆ ಅದನ್ನೇ ಹೇಳಿಕೊಳ್ಳುತ್ತಿದ್ದಳು. ಕೆಲಸ ಮಾಡುತ್ತದೆಂಬ ನಂಬಿಕೆ ನನಗಿರಲಿಲ್ಲ. ನನಗೆ ಯಾವುದರ ಮೇಲೆ ತಾನೇ ಇತ್ತು!

ಪಾಠ ಬಲಿಯುವವರೆಗೆ ಬೀಗದ ಕೀಲಿ ಎಲ್ಲಿಡುವುದು? ಮದುವೆ ಮುಗಿಸಿ ಮಹಾಂತೇಶ ಸಾಮಾನು ಕಟ್ಟಲು ಬಂದ ದಿನ ಅಕ್ಕ ಮಂಡಿನೋವು ಲೆಕ್ಕಿಸದೆ ಮೆಟ್ಟಿಲು ಹತ್ತಿ ಹೋದಳು. ನಾನು ಹಿಂದೆಯೇ ಇದ್ದೆ. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ, "ನಾನು ನಿಮ್ಮ ಮೇಲೆ ಹೊರಿಸಿದ್ದು ತಪ್ಪಾಯ್ತು. ರಾತ್ರಿ ಈ ಕೀಲಿ ನಿಮ್ಮ ಹತ್ರ ಇರಲಿ," ಎಂದು ಕೈ ಮುಂದೆ ಚಾಚಿದಳು.

ಅವನು ಕೀಲಿಯನ್ನೂ ಅವಳನ್ನೂ ನೋಡಿದ. "ಈಗ ನನ್ನ ಮ್ಯಾಗ ನಂಬಿಕಿ ಬಂತೇನ್ರೀ ಅಮ್ಮಾರ?"

"ನಿಮ್ಮ ಮೇಲೆ ಬಂದಿದೆಯೋ ಇಲ್ವೋ ಗೊತ್ತಿಲ್ಲಪ್ಪ. ನನ್ನ ಮೇಲಿದ್ದದ್ದು ಮಾತ್ರ ಹೋಯ್ತು."

ಅವನಿಗೆ ನಗು ತಡೆಯಲಾಗಲಿಲ್ಲ. ಕೀಲಿ ಜೇಬಿಗೆ ಹಾಕಿಕೊಂಡು, ಕಟ್ಟಿದ್ದ ಗಂಟನ್ನು ಬಿಚ್ಚತೊಡಗಿದ.

ಕೆಲವು ವಾರ ಹಾಗೆ ನಡೆಯಿತು. ಆದರೆ ಅವನಿಗೂ ಹೊರಗಿನ ಡ್ಯೂಟಿ ಬೀಳುತ್ತದೆ, ಕೀಲಿಯ ಮೇಲೆ ಸಂಸಾರ ನಿಲ್ಲುವುದಿಲ್ಲ. ಪರೀಕ್ಷೆ ಮಾಡಲೇಬೇಕಿತ್ತು. ಒಂದು ಶನಿವಾರ ಬೀಗಕ್ಕೆ ಕೀಲಿಯನ್ನು ಸಿಕ್ಕಿಸಿಯೇ ಬಿಟ್ಟು, ಬಾಗಿಲಿಗೆ ಅಡ್ಡವಾಗಿ ಈಸಿ ಚೇರು ಹಾಕಿಕೊಂಡು ನಾನೇ ಕಾವಲು ಕೂತೆ. ಮಹಾಂತೇಶ, "ನಾನೂ ಕುಂದರ್ಲೇನ್ರೀ ಡಾಕ್ಟರ್?" ಎಂದದ್ದಕ್ಕೆ, "ನನಗೆ ಅಭ್ಯಾಸ ಇದೆ, ನೀವು ಹೋಗಿ ಮಲಗಿ," ಎಂದು ಗತ್ತಿನಿಂದ ಕಳಿಸಿದೆ. ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಭಾವ ಏಳಲಿಲ್ಲ, ಮಾತಾಡಲಿಲ್ಲ, ಒಂದು ಸದ್ದೂ ಇಲ್ಲ. ಬೆಳಿಗ್ಗೆ ನೋಡಿದರೆ ಬೀಗ ಹಾಕಿದ ಹಾಗೇ ಇತ್ತು. ಏನೂ ನಡೆಯದ ಮೇಲೆ ಪರೀಕ್ಷೆ ಎಲ್ಲಿಯದು ಎಂದು ಬೇಸರದಿಂದ ಹಾಸನಕ್ಕೆ ಹೋದೆ.

ಭಾನುವಾರವಾದರೂ ಜೆಸಿಂತಾ ನನಗಿಂತ ಮೊದಲೇ ಬಂದು ಕೂತಿದ್ದಳು. ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

"ರಾತ್ರಿ ಏನೂ ನಡೀಲಿಲ್ಲ ಬಿಡಮ್ಮ. ನಾನು ಎಚ್ಚರವಾಗೇ ಇದ್ದೆ," ಎಂದೆ.

"ಹಾಗಾ ಮೇಡಂ? ಈ ಹಿಂದುಗಡೆ ಸದ್ದು ಏನು ಹೇಳಿ. ನಿಮ್ಮಕ್ಕನ ಮನೆ ಫ್ರಿಜ್ಜು ಕೆಟ್ಟಿದೆಯಾ?"

ಸದ್ದು ಹಾಕಿದಳು. ಹಾಲ್ ಕಡೆಯಿಂದ ಗರಗಸ ಎಳೆದ ಹಾಗೆ ಒಂದೇ ಸಮನೆ ಗೊರಕೆ. ಆ ಮನೆಯಲ್ಲಿ ಹಾಲ್‌ನಲ್ಲಿ ಇದ್ದವಳು ನಾನೊಬ್ಬಳೇ. ಮುಖ ಬಿಸಿಯಾಯಿತು. ನಿಲ್ಲಿಸು ಎನ್ನುವಷ್ಟರಲ್ಲಿ ಗೊರಕೆಯ ಮೇಲೆ ಭಾವನ ದನಿ ಬಂತು.

"ಎಕ್ಸ್‌ಚೇಂಜಾ? ಗುರುಶಾಂತಪ್ಪ. ಗಂಡಸಿ ಲೈನ್ ಕೊಡಿ ಮೇಡಂ."

"ಬೆಲ್ಟು ಕಟ್ಕೊಂಡಿದೀರಾ?"

"ಕಟ್ಕೊಂಡಿದೀನಿ."

ಆಮೇಲೆ ಮೌನ. ಮಂಚ ಕಿರುಗುಟ್ಟಿತು. ನಾನು ಮೇಜಿನ ಅಂಚನ್ನು ಹಿಡಿದುಕೊಂಡೆ. ಕೀಲಿ ಬೀಗದಲ್ಲೇ ಇತ್ತು, ಕಾವಲಿನವಳು ಗೊರಕೆ ಹೊಡೆಯುತ್ತಿದ್ದಳು, ಹಳಿ ಒಂದು ಕೂಗಿನಷ್ಟು ದೂರ.

"ಗಂಡಸಿ ಲೈನು ಎಂಗೇಜ್ ಇದೆ," ಎಂದಳು ಅಕ್ಕ. "ಜಾಗ ಬಿಡಬೇಡಿ. ನಾನೇ ಕರೀತೀನಿ."

"ಸರಿ ಮೇಡಂ. ಕಾಯ್ತೀನಿ."

ಭಾವ ಮಂಚದ ಮೇಲೆ ಕೂತಿರಬೇಕು. ಒಂದು ಗಾಡಿ ಬಂದು ಹೋಯಿತು. ಇನ್ನೊಂದು ಬಂದು ಹೋಯಿತು. ನನ್ನ ಗೊರಕೆ ನಡೆದೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಭಾವ ಮೆಲ್ಲಗೆ, ಮಗುವಿನ ಹಾಗೆ ಕೇಳಿದರು.

"ಮೇಡಂ, ಮಲಗಿಬಿಟ್ರಾ?"

"ಇಲ್ಲ," ಎಂದಳು ಅಕ್ಕ. "ಎಚ್ಚರವಾಗೇ ಇದೀನಿ. ನೀವು ಮಲಗಿ."

ಪರದೆಯ ಮೇಲೆ ಅವಳ ಊರೆಲ್ಲ ಕತ್ತಲಾಗಿತ್ತು. ಒಂದೇ ಒಂದು ವಾರ್ಡಿನಲ್ಲಿ ದೀಪ ಉರಿಯುತ್ತಿತ್ತು.

ಬೆಳಿಗ್ಗೆ ದಿಂಬು ಕೇಳಿದ ಪ್ರಶ್ನೆಗೆ ಅಕ್ಕ ಎಂದಿನ ಉತ್ತರವನ್ನೇ ಕೊಟ್ಟಿದ್ದಳು. ರೆಪ್ಪೆಗೆ ರೆಪ್ಪೆ ಹತ್ತಲಿಲ್ಲ.

"ಅಂತರ ಎಷ್ಟು ಅಂತ ಹಾಕ್ಲಿ ಮೇಡಂ?" ಎಂದು ಕೇಳಿದಳು ಜೆಸಿಂತಾ.

"ಸೊನ್ನೆ ಹಾಕಮ್ಮ," ಎಂದೆ.